ಕಬಡ್ಡಿ ಒಳಾಂಗಣಕ್ಕೆ ಜಾಗ: ಪ್ಲಾನಿಂಗ್ ವಕೀಲರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮುಂಬೈಯ ಭಾಂಡುಪ್–ಮುಲುಂಡ್ ಭಾಗದ ಕಬಡ್ಡಿ ಅಭಿಮಾನಿಗಳು ಸೇರಿ ಒಂದು ಒಳಾಂಗಣ ಕ್ರೀಡಾಂಗಣಕ್ಕೆ ಓಡಾಡುತ್ತಿರುವುದು ನಿಮಗೆ ಗೊತ್ತು. ನಾವು ಕಣ್ಣಿಟ್ಟಿರುವ ಖಾಲಿ ಪ್ಲಾಟಿಗೆ ಪಾಲಿಕೆಯ ಡಿಪಿಯಲ್ಲಿ (ನಗರದ ಅಭಿವೃದ್ಧಿ ಯೋಜನೆಯಲ್ಲಿ) ಆಟದ ಮೈದಾನ ಅಂತ ಮೀಸಲಾತಿ ಇದೆ. ನಮ್ಮ ಬೇಡಿಕೆ 1,500 ಆಸನದ ಹಾಲ್. ಒಳ್ಳೆಯ ಪಂದ್ಯ ನೋಡಬೇಕಾದರೆ ಈಗ ವರ್ಲಿಯ ಎನ್‌ಎಸ್‌ಸಿಐ ಡೋಮ್‌ವರೆಗೆ ಹೋಗಬೇಕು. ಪಾಲಿಕೆ ಮತ್ತು ನಗರ ಯೋಜನೆ ಕೇಸುಗಳನ್ನು ನಡೆಸುವ ವಕೀಲ ಮೇಡಂ ಇವತ್ತು ರಾತ್ರಿ 9ರಿಂದ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಮುಲುಂಡ್: ಅಕ್ಕ, ನಮಸ್ಕಾರ. ಆನ್‌ಲೈನ್ ಪಿಟಿಷನ್‌ಗೆ 4,000 ಸಹಿ ಬಂದಿದೆ. 10,000 ಆದ್ರೆ ಪಾಲಿಕೆ ಸಭೆಯಲ್ಲಿ ಚರ್ಚೆ ಮಾಡ್ಲೇಬೇಕು ಅಂತ ಕಾನೂನು ಉಂಟಂತೆ, ಹೌದಾ?

ವಕೀಲೆ: ನಮಸ್ಕಾರ. ಅಂಥ ಕಾನೂನು ಇಲ್ಲ. 10,000 ಸಹಿಗೆ ಸರ್ಕಾರ ಉತ್ತರ ಕೊಡುವುದು ಬ್ರಿಟನ್ ಪಾರ್ಲಿಮೆಂಟಿನ ಪದ್ಧತಿ. ನಿಮಗೆ ಸಹಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಬಿಡಿ ಬಿಡಿ ಪತ್ರ. ಹೆಸರು, ಮನೆ ವಿಳಾಸ, ವಾರ್ಡ್, ಜಾಗದ ಸಿಟಿಎಸ್ ನಂಬರ್ (ನಗರ ಸರ್ವೆ ನಂಬರ್), ಬೇಡಿಕೆ, ಸಹಿ ಇರಬೇಕು. ಎರಡು ಪ್ರತಿ ಒಯ್ದು ಒಂದರ ಮೇಲೆ ಪತ್ರ ಮುಟ್ಟಿದ್ದಕ್ಕೆ ಇನ್‌ವರ್ಡ್ ಸಿಕ್ಕಾ ಹಾಕಿಸಿಕೊಳ್ಳಿ. ಒಂದೇ ಪತ್ರದ 500 ಜೆರಾಕ್ಸ್ ಕೊಟ್ಟರೆ ಅವನ್ನು ಒಂದೇ ಕಟ್ಟಿನಲ್ಲಿ ಕಟ್ಟಿಟ್ಟು ಒಂದೇ ಸಾಲಿನ ಉತ್ತರ ಬರೆಯುತ್ತಾರೆ.

ಭಾಂಡುಪ್: ನಮಸ್ಕಾರ್ರಿ ಅಕ್ಕಾರ. ಪ್ರಾಪರ್ಟಿ ಕಾರ್ಡ್ ತಗಸೇವ್ರಿ. ಪ್ಲಾಟು ಪಾಲಿಕೀದಲ್ಲ, ಖಾಸಗಿ ಮಾಲೀಕರ ಹೆಸರಿಲೆ ಐತಿ. ಡಿಪಿ ರಿಮಾರ್ಕಿನ್ಯಾಗ ಮೈದಾನ ಅಂತ ಹಸಿರು ತೋರಸ್ತೈತಿ. ಮುಂದಿನ ತಿಂಗಳು ಮೋರ್ಚಾ ತಗದು ‘ಮೈದಾನದ ಮೀಸಲಾತಿ ತಗದು ಸ್ಟೇಡಿಯಂ ಮಾಡ್ರಿ’ ಅಂತ ವಾರ್ಡ್ ಆಫೀಸಿಗೆ ಮನವಿ ಕೊಡಬೇಕಂತ ಮಾಡೇವಿ. ಇದರಾಗ ತಪ್ಪೇನರ ಐತೇನ್ರಿ?

ವಕೀಲೆ: ಐತ್ರಿ. ಆ ಮನವಿಯನ್ನು ಸದ್ಯಕ್ಕೆ ತಡೆಯಿರಿ. ನಿಮ್ಮ ಪ್ರಶ್ನೆ ಓದಿ ನನಗೆ ಆತಂಕ ಆಯಿತು, ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ಎಲ್ಲರೂ ಪೂರ್ತಿ ಓದಿ.

ಡಿಪಿಯಲ್ಲಿ ಮೀಸಲಾತಿ ಬದಲಿಸುವುದೆಂದರೆ ಎಂಆರ್‌ಟಿಪಿ ಕಾಯ್ದೆ 1966ರ (ಮಹಾರಾಷ್ಟ್ರದ ನಗರ ಯೋಜನೆ ಕಾಯ್ದೆ) ಕಲಂ 37ರ ಫೈಲು ತೆರೆಯುವುದು. ಪಾಲಿಕೆ ಠರಾವು ಮಾಡಬೇಕು, ಗೆಜೆಟ್‌ನಲ್ಲೂ ಪತ್ರಿಕೆಯಲ್ಲೂ ನೋಟಿಸ್ ಕೊಟ್ಟು ಒಂದು ತಿಂಗಳು ಆಕ್ಷೇಪಣೆ, ಸಲಹೆ ಕರೆಯಬೇಕು, ಕೇಳಿಸಿಕೊಂಡ ಮೇಲೆ ರಾಜ್ಯ ಸರ್ಕಾರಕ್ಕೆ ಕಳಿಸಬೇಕು. ಕೊನೆಯ ಮಾತು ಸರ್ಕಾರದ್ದು. ಆ ಒಂದು ತಿಂಗಳಲ್ಲಿ ಮಾಲೀಕರೂ ಬರೆಯುತ್ತಾರೆ, ‘ಇಲ್ಲಿ ಮೈದಾನ ಬೇಡವೆಂದು ಸ್ಥಳೀಯರೇ ಹೇಳಿದ್ದಾರೆ’ ಅಂತ ನಿಮ್ಮ ಮನವಿಯನ್ನೇ ಲಗತ್ತಿಸುತ್ತಾರೆ. ನೀವು ಬಿಚ್ಚಿದ ಗಂಟನ್ನು ಬೇರೆಯವರು ತಮಗೆ ಬೇಕಾದ ಹಾಗೆ ಕಟ್ಟಿಕೊಳ್ಳಬಹುದು.

ಇದಕ್ಕಿಂತ ದೊಡ್ಡ ಅಪಾಯ ಅದೇ ಕಾಯ್ದೆಯ ಕಲಂ 127. ಡಿಪಿ 2034ರ ಬಹುಭಾಗ ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 1ಕ್ಕೆ. ಅಲ್ಲಿಂದ ಹತ್ತು ವರ್ಷದೊಳಗೆ ಪಾಲಿಕೆ ಜಾಗ ತಗೊಳ್ಳದಿದ್ದರೆ ಮಾಲೀಕರು ‘ಜಾಗ ಕೊಳ್ಳಿ’ ಅಂತ ಪಾಲಿಕೆಗೆ ಖರೀದಿ ನೋಟಿಸ್ ಕೊಡಬಹುದು. ನೋಟಿಸ್ ಮುಟ್ಟಿದ ದಿನದಿಂದ 24 ತಿಂಗಳು. ಅಷ್ಟರೊಳಗೆ ಸ್ವಾಧೀನವೂ ಆಗದೆ, ಸ್ವಾಧೀನದ ಹೆಜ್ಜೆಯೂ ಇಡದೆ ಇದ್ದರೆ ಮೀಸಲಾತಿ ತಾನಾಗಿ ಬಿದ್ದುಹೋಗುತ್ತದೆ, ಪಕ್ಕದ ಜಾಗದಲ್ಲಿ ಏನು ಕಟ್ಟಬಹುದೋ ಅದನ್ನೇ ಇಲ್ಲೂ ಕಟ್ಟಬಹುದು. ಹೆಜ್ಜೆ ಅಂದರೆ ಠರಾವು ಪಾಸು ಮಾಡಿದ್ದು, ಪ್ರಸ್ತಾವ ಕಳಿಸಿದ್ದು ಅಲ್ಲ. ಸ್ವಾಧೀನದ ಘೋಷಣೆ ಹೊರಡಬೇಕು ಅಂತ 2007ರಲ್ಲಿ ಗಿರ್ನಾರ್ ಟ್ರೇಡರ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೋಟಿಸ್ ಬಂದ ಮೇಲೆ ಪ್ರಸ್ತಾವ ಪಾಲಿಕೆಯ ಸುಧಾರ್ ಸಮಿತಿಗೆ ಹೋಗುತ್ತದೆ. ಅಲ್ಲಿ ‘ಮುಂದಿನ ಸಭೆಗೆ’ ಅಂತ ತಿಂಗಳುಗಟ್ಟಲೆ ಕೂತರೂ 24 ತಿಂಗಳ ಗಡಿಯಾರ ನಿಲ್ಲುವುದಿಲ್ಲ. ನಿಮ್ಮ ರಾಜಕೀಯ ಬಲವೆಲ್ಲ ಬೇಕಾಗುವುದು ಅಲ್ಲಿ. ನಿಮ್ಮ ನಗರಸೇವಕರು (ಪಾಲಿಕೆ ಸದಸ್ಯರು) ಆ ಸಮಿತಿಯಲ್ಲಿದ್ದಾರೋ ಇಲ್ಲವೋ, ಇಲ್ಲದಿದ್ದರೆ ಅವರ ಪಕ್ಷದಿಂದ ಯಾರಿದ್ದಾರೆ, ಮೊದಲು ಪಟ್ಟಿ ಮಾಡಿ.

ಪಾಲಿಕೆ ಯಾಕೆ ಹಿಂಜರಿಯುತ್ತದೆ ಅಂದರೆ ದುಡ್ಡು. 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ನಗರದಲ್ಲಿ ಮಾರುಕಟ್ಟೆ ಬೆಲೆಯ ಮೇಲೆ ಇನ್ನೂ 100% ಸೊಲೇಷಿಯಂ (ಹೆಚ್ಚುವರಿ ಪರಿಹಾರ) ಕೊಡಬೇಕು. ಮಾಲೀಕರು ಒಪ್ಪಿದರೆ ನಗದಿನ ಬದಲು ಟಿಡಿಆರ್ (ಬೇರೆ ಕಡೆ ಬಳಸಬಹುದಾದ, ಮಾರಬಹುದಾದ ಕಟ್ಟಡ ಹಕ್ಕು) ಕೊಟ್ಟು ಜಾಗ ಪಡೆಯಬಹುದು. ಆ ದಾರಿ ಹಿಡಿಯಿರಿ ಅಂತ ಒತ್ತಾಯಿಸಿ.

ಹಾಗಾಗಿ ಮನವಿಯ ಒಕ್ಕಣೆ ಬದಲಿಸಿ. ‘ಮೈದಾನದ ಮೀಸಲಾತಿ ಹಾಗೇ ಇರಲಿ, ಜಾಗವನ್ನು ಪಾಲಿಕೆ ಕೂಡಲೇ ವಶಕ್ಕೆ ಪಡೆಯಲಿ’ ಅಂತ ಬರೆಯಿರಿ. ಡಿಸಿಪಿಆರ್ 2034ರಲ್ಲಿ (ಡಿಪಿಯ ಜೊತೆಗಿನ ಕಟ್ಟಡ ನಿಯಮಗಳಲ್ಲಿ) ಮೈದಾನದ ಮೇಲೆ ಕಟ್ಟಡಕ್ಕೆ ಮಿತಿ ಇದೆ. ಈ ಅಳತೆಯ ಪ್ಲಾಟಿನಲ್ಲಿ ಎಷ್ಟು ಚದರ ಮೀಟರ್ ಸೂರು ಹಾಕಬಹುದು ಅಂತ ಡಿಪಿ ಇಲಾಖೆಯಿಂದ ಬರಹದಲ್ಲಿ ಕೇಳಿ. ಜೊತೆಗೆ ನಿಮ್ಮ ಮತ್ತು ಪಕ್ಕದ ವಾರ್ಡಿನ ಡಿಪಿ ಶೀಟ್ ಹಾಸಿ, ಪಾಲಿಕೆಯದೇ ಹೆಸರಿನಲ್ಲಿ ಕ್ರೀಡಾ ಸಂಕುಲಕ್ಕೆ ಮೀಸಲಾದ ಜಾಗ ಇದೆಯೇ ನೋಡಿ. ಅಂಥದ್ದು ಒಂದು ಸಿಕ್ಕರೂ ಹಾಲ್ ಅಲ್ಲಿಗೆ ಕೇಳುವುದು ಲೇಸು.

ಬಜೆಟ್ ಹಣಕ್ಕೂ ದಿನಾಂಕ ಇದೆ. ಆಯುಕ್ತರು ಫೆಬ್ರವರಿ 5ರೊಳಗೆ ಬಜೆಟ್ ಮಂಡಿಸಬೇಕು. ಅದಕ್ಕೂ ಮುಂಚೆ ಇಲಾಖೆಗಳ ಲೆಕ್ಕ ಮುಗಿದಿರುತ್ತದೆ. ನಿಮ್ಮ ಪತ್ರ ಅಕ್ಟೋಬರ್‌ನಲ್ಲೇ ಮೇಜಿನ ಮೇಲಿರಬೇಕು. ಜನವರಿಯ ಮೋರ್ಚಾದಿಂದ ಫೋಟೊ ಮಾತ್ರ ಸಿಗುತ್ತದೆ.

ಭಾಂಡುಪ್: ಭಾಳ ಉಪಕಾರ ಆತ್ರಿ ಅಕ್ಕಾರ. ಮನವಿ ನಿಲ್ಲಸ್ತೇವಿ. ಹೊಸಾದು ಬರದು ತೋರಸ್ತೇನಿ.

ಘಾಟ್‌ಕೋಪರ್: ಮೇಡಂ, 10,000 ಸಹಿ ಆದರೆ ಪಾಲಿಕೆ ಚರ್ಚೆಗೆ ತಗೋಬೇಕು ಅಂತ ಇದೆಯಂತಲ್ಲ?

ವಕೀಲೆ: ಇಲ್ಲ. ಮೇಲೆ ಓದಿ.

ಕಾಂಜೂರ್‌ಮಾರ್ಗ್: ನನ್ನದು ಪ್ರಶ್ನೆ ಅಲ್ಲ, ಆಕ್ಷೇಪಣೆ. ಆ ಪ್ಲಾಟಿನಲ್ಲಿ ದಿನಾ ಸಂಜೆ ನಾಲ್ಕು ಗುಂಪು ಮಕ್ಕಳು ಕ್ರಿಕೆಟ್ ಆಡ್ತಾರೆ. ಹಾಲ್ ಕಟ್ಟಿದ್ರೆ ಗೇಟು ಬರುತ್ತೆ, ಫೀಸು ಬರುತ್ತೆ, ಶನಿವಾರ ಭಾನುವಾರ ಮದುವೆಗೆ ಬಾಡಿಗೆ ಕೊಡ್ತಾರೆ. ಆಮೇಲೆ ಆ ಮಕ್ಕಳು ಎಲ್ಲಿಗೆ ಹೋಗ್ಬೇಕು?

ಮುಲುಂಡ್: ಕ್ರಿಕೆಟ್‌ಗೆ ವಾಂಖೆಡೆ ಉಂಟು, ಬ್ರೆಬೋರ್ನ್ ಉಂಟು, ಶಿವಾಜಿ ಪಾರ್ಕ್ ಉಂಟು. ಕಬಡ್ಡಿಗೆ ಈ ಕಡೆ ಎಂಥ ಉಂಟು ಮಾರಾಯ್ರೆ? ಮಳೆಗಾಲದ ನಾಲ್ಕು ತಿಂಗಳು ನಮ್ಮ ಹುಡುಗರಿಗೆ ಪ್ರಾಕ್ಟೀಸೇ ಇಲ್ಲ.

ಕಾಂಜೂರ್‌ಮಾರ್ಗ್: ವಾಂಖೆಡೆಯಲ್ಲಿ ಕಾಂಜೂರಿನ ಮಕ್ಕಳು ಆಡ್ತಾರೇನ್ರೀ? ನಾನು ಹೇಳ್ತಿರೋದು ಖಾಲಿ ಜಾಗದ ಮಾತು.

ಠಾಣೆ: ಇಲ್ಲಿ ಕಬಡ್ಡಿ ಅಭಿಮಾನಿಗಳ ಮಾತು ನಡೀತಿದೆ. ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿ ಕಪ್ ಎತ್ತಿದ್ದು ಇದೇ ಮುಂಬೈಯಲ್ಲಿ, 2019ರ ಜನವರಿ 5, 38–33, ಪವನ್ ಸೆಹ್ರಾವತ್ ಒಬ್ಬರದೇ 22 ಪಾಯಿಂಟ್. ಕನ್ನಡಿಗರು ಕೇಳಿದರೆ ಪಾಲಿಕೆ ಕೊಡಲೇಬೇಕು. ಬ್ಯಾನರ್ ಮೇಲೆ ‘ಮುಂಬೈ ಕನ್ನಡಿಗರ ಕ್ರೀಡಾಂಗಣ’ ಅಂತ ಹಾಕೋಣ.

ವಕೀಲೆ: ಆ ಬ್ಯಾನರ್ ದಯವಿಟ್ಟು ಬೇಡ. ಲಾಲ್‌ಬಾಗ್, ಪರೇಲ್, ಪ್ರಭಾದೇವಿಯ ಮರಾಠಿ ಕ್ರೀಡಾ ಮಂಡಳಗಳು ಈ ನಗರದ ಕಬಡ್ಡಿಯ ಬೆನ್ನೆಲುಬು. ನಿಮ್ಮ ಭಾಗದಲ್ಲೂ ಅಂಥ ಮಂಡಳಗಳಿವೆ. ಅವರ ಲೆಟರ್‌ಹೆಡ್ ನಿಮ್ಮ ಪತ್ರದ ಜೊತೆ ಇರಬೇಕು. ಪತ್ರಗಳೂ ಮರಾಠಿಯಲ್ಲಿರಲಿ, ಕಚೇರಿಯ ಟಿಪ್ಪಣಿ ಬರೆಯುವುದು ಆ ಭಾಷೆಯಲ್ಲಿ.

ಕಾಂಜೂರ್‌ಮಾರ್ಗ್‌ನವರ ಮಾತು ನ್ಯಾಯವಾದದ್ದು. ಅವರನ್ನು ಹೊರಗಿಟ್ಟರೆ ಕಲಂ 37ರ ಆ ಒಂದು ತಿಂಗಳಲ್ಲಿ ಅವರೇ ನಿಮ್ಮ ಮೊದಲ ಆಕ್ಷೇಪಣೆದಾರರು.

ಠಾಣೆ: ಮೇಡಂ ಯಾರ ಕಡೆಯವರು ಅಂತ ಗೊತ್ತಾಗಲಿಲ್ಲ.

ಸಿವಿಲ್ ಎಂಜಿನಿಯರ್, ವಿಕ್ರೋಳಿ: ಜಗಳಕ್ಕೆ ಮುಂಚೆ ಲೆಕ್ಕ ನೋಡಿ. ಹಿರಿಯ ಪುರುಷರ ಕಬಡ್ಡಿ ಅಂಗಣ 13 × 10 ಮೀಟರ್, ಮಹಿಳೆಯರದು 12 × 8. ಸುತ್ತ 4 ಮೀಟರ್ ಬಿಟ್ಟರೆ 21 × 18, ಅಂದರೆ 378 ಚದರ ಮೀಟರ್. ಆಟಕ್ಕೆ ಬೇಕಾದ್ದು ಅಷ್ಟೇ. ಜಾಗ ನುಂಗುವುದು ಆಸನ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರಲ್ಲಿ ಮೆಟ್ಟಿಲಿಗೆ ಒಬ್ಬೊಬ್ಬರಿಗೆ 10 ಮಿಲಿಮೀಟರ್ ಅಗಲ ಹಿಡಿಯಬೇಕು. 1,500 ಜನಕ್ಕೆ 15 ಮೀಟರ್. ಜನ ಸೇರುವ ಕಟ್ಟಡದ ಮೆಟ್ಟಿಲು ಕನಿಷ್ಠ 2 ಮೀಟರ್ ಇರಬೇಕು, ಅಂದರೆ ಎಂಟು ಮೆಟ್ಟಿಲುಸಾಲು. ಅದರ ಮೇಲೆ ಶೌಚಾಲಯ, ಬೆಂಕಿ ಆರಿಸುವ ನೀರಿನ ಟ್ಯಾಂಕ್, ಅಗ್ನಿಶಾಮಕ ಗಾಡಿ ಸುತ್ತುವ ದಾರಿ. 500 ಆಸನ ಕೇಳಿದರೆ 5 ಮೀಟರ್, ಮೂರೇ ಮೆಟ್ಟಿಲುಸಾಲು. ಆಸನವನ್ನು ಗೋಡೆಗೆ ಮಡಚಿಡುವ ಥರದ್ದು ಹಾಕಿದರೆ ಪಂದ್ಯ ಇಲ್ಲದ ದಿನ ಎರಡನೇ ಮ್ಯಾಟ್ ಹಾಸಬಹುದು, ಹೊರಗೆ ಕ್ರಿಕೆಟ್ ಮಕ್ಕಳಿಗೂ ಜಾಗ ಉಳಿಯುತ್ತದೆ. ಎತ್ತರದ ವಿಷಯದಲ್ಲಿ ಒಂದು ಎಚ್ಚರಿಕೆ. ‘ಬ್ಯಾಡ್ಮಿಂಟನ್ನೂ ಇರಲಿ’ ಅಂತ ಯಾರಾದರೂ ಸೇರಿಸಿದರೆ ದೊಡ್ಡ ಪಂದ್ಯಾವಳಿಗೆ 12 ಮೀಟರ್ ಸೂರು ಬೇಕಾಗುತ್ತದೆ, ಖರ್ಚು ಅಲ್ಲೇ ಏರುತ್ತದೆ. ಕಬಡ್ಡಿಗೆ ಅಷ್ಟು ಬೇಡ.

ಮುಲುಂಡ್: 500 ಅಂದ್ರೆ ಪ್ರೊ ಕಬಡ್ಡಿ ಬರ್ಲಿಕ್ಕೆ ಸಾಧ್ಯವೇ ಇಲ್ಲ.

ಸಿವಿಲ್ ಎಂಜಿನಿಯರ್, ವಿಕ್ರೋಳಿ: 1,500ಕ್ಕೂ ಬರುವುದಿಲ್ಲ. ಹಾಲ್ ಯಾರಿಗೆ ಅಂತ ಮೊದಲು ತೀರ್ಮಾನ ಮಾಡಿ.

ಪೊವಾಯಿ: ಮೇಡಂ, ಪಾರ್ಕಿಂಗ್‌ಗೆ ಎಷ್ಟು ಜಾಗ ಬಿಡಬೇಕಾಗುತ್ತದೆ?

ನಾಹೂರ್: ಒಂದು ಪಕ್ಷದ ಸ್ಥಳೀಯ ಮುಖಂಡರು ನಮ್ಮ ಅಭಿಮಾನಿ ಬಳಗಕ್ಕೆ 500 ಟಿ–ಶರ್ಟ್, ಒಂದು ಮ್ಯಾಟ್ ಕೊಡಿಸ್ತೀವಿ, ಚುನಾವಣೆಯಲ್ಲಿ ನೋಡ್ಕೊಳ್ಳಿ ಅಂತಿದ್ದಾರೆ. ಸ್ಟೇಡಿಯಂ ಕಟ್ಟಿಸ್ತೀವಿ ಅಂತಲೂ ಭರವಸೆ ಕೊಟ್ಟಿದ್ದಾರೆ. ತಗೋಬಹುದಾ?

ವಕೀಲೆ: ಭರವಸೆ ತಗೊಳ್ಳಿ, ಟಿ–ಶರ್ಟ್ ಬೇಡ, ಮ್ಯಾಟೂ ಬೇಡ. ಭಾರತೀಯ ನ್ಯಾಯ ಸಂಹಿತೆಯ ಕಲಂ 170ರಲ್ಲಿ ಮತಕ್ಕಾಗಿ ಕೊಡುವವರಷ್ಟೇ ಅಲ್ಲ, ತೆಗೆದುಕೊಳ್ಳುವವರೂ ಅಪರಾಧಿಗಳು. ಶಿಕ್ಷೆ ಕಲಂ 173ರಲ್ಲಿ, ಒಂದು ವರ್ಷದವರೆಗೆ. ಸ್ಟೇಡಿಯಂ ಕಟ್ಟುತ್ತೇವೆ ಎನ್ನುವುದು ಸಾರ್ವಜನಿಕ ಕೆಲಸದ ಭರವಸೆ, ಅದು ಲಂಚವಲ್ಲ ಅಂತ ಅದೇ ಕಲಂ ಬಿಡಿಸಿ ಹೇಳಿದೆ. ಆದ್ದರಿಂದ ಎಲ್ಲ ಪಕ್ಷದವರಿಗೂ ಒಂದೇ ಹಾಳೆ ಕೊಡಿ. ಸಿಟಿಎಸ್ ನಂಬರ್, ‘127ರ ನೋಟಿಸ್ ಬಂದರೆ ಸ್ವಾಧೀನದ ಪರ ಮತ ಹಾಕುತ್ತೇನೆ’, ಸಹಿ, ದಿನಾಂಕ. ಯಾರು ಸಹಿ ಮಾಡಿದರು, ಯಾರು ಮಾಡಲಿಲ್ಲ ಎಂಬ ಪಟ್ಟಿಯನ್ನು ಮಂಡಳದ ಬೋರ್ಡಿಗೆ ಹಚ್ಚಿ. ಅಭ್ಯರ್ಥಿಯ ಒಪ್ಪಿಗೆ ಬರಹದಲ್ಲಿಲ್ಲದೆ ಅವರ ಪ್ರಚಾರಕ್ಕೆ ನಿಮ್ಮ ಕೈಯಿಂದ ಖರ್ಚು ಮಾಡಿದರೆ ಕಲಂ 176 ಅಡ್ಡ ಬರುತ್ತದೆ, ಅದೂ ನೆನಪಿರಲಿ.

ಮುಲುಂಡ್: ಅಕ್ಕ, ದುಬೈಯಲ್ಲಿರುವ ನಮ್ಮವರು ಹಣ ಕಳಿಸ್ತಾರಂತೆ. ಮಂಡಳದ ಖಾತೆಗೆ ಹಾಕಿಸ್ಬಹುದಾ?

ವಕೀಲೆ: ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಪಾಸ್‌ಪೋರ್ಟಿನ ಪ್ರತಿ ಪಡೆದಿಟ್ಟುಕೊಳ್ಳಿ. ಒಸಿಐ ಕಾರ್ಡಿನವರದು (ವಿದೇಶಿ ಪೌರತ್ವದ ಭಾರತ ಮೂಲದವರದು), ದುಬೈ ಕಂಪನಿಯದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದ ಮಂಡಳ ಅದನ್ನು ಮುಟ್ಟುವ ಹಾಗಿಲ್ಲ. ಯಾರದೋ ವೈಯಕ್ತಿಕ ಖಾತೆಗೆ ತರಿಸಿ ಹಂಚುವುದಂತೂ ಬೇಡವೇ ಬೇಡ.

ಠಾಣೆ: ಇದನ್ನು ನೋಡಿ, ಬಂದ ಮೆಸೇಜು: ‘12 ವರ್ಷ ಸತತ ಆಡಿದ ಮೈದಾನ ಕಾನೂನಿನ ಪ್ರಕಾರ ಆಡಿದವರದೇ. ಪ್ಲಾಟಿನಲ್ಲಿ ಧ್ವಜ ನೆಟ್ಟು ಫೋಟೊ ತೆಗೆದಿಟ್ಟುಕೊಳ್ಳಿ. 30 ದಿನದಲ್ಲಿ ಪಾಲಿಕೆ ಉತ್ತರಿಸದಿದ್ದರೆ ಮಂಜೂರಾದಂತೆ.’

ವಕೀಲೆ: ಎರಡೂ ಸುಳ್ಳು. ಮಕ್ಕಳು ಸಂಜೆ ಆಡಿ ಮನೆಗೆ ಹೋಗುವುದು ಸ್ವಾಧೀನಾನುಭವ ಆಗುವುದಿಲ್ಲ. ಧ್ವಜ ನೆಟ್ಟರೆ ಮಾಲೀಕರಿಗೆ ಅತಿಕ್ರಮಣದ ದೂರು ಕೊಡಲು ನೀವೇ ಫೋಟೊ ತೆಗೆದುಕೊಟ್ಟ ಹಾಗೆ. ಮನವಿಗೆ ಉತ್ತರ ಬರಲಿಲ್ಲ ಎಂದರೆ ಬರಲಿಲ್ಲ, ಅಷ್ಟೇ. ಇಂಥ ಮೆಸೇಜು ನಂಬಿದ ಹುಡುಗರ ಮೇಲೆ ಕೇಸು ಬಿದ್ದರೆ ಆಮೇಲೆ ನೌಕರಿಯ ಪೊಲೀಸ್ ವೆರಿಫಿಕೇಷನ್‌ನಲ್ಲಿ ಅದೇ ಮೇಲೆ ಬರುತ್ತದೆ. ಡಿಲೀಟ್ ಮಾಡಿ.

ಠಾಣೆ: ಕೇಳಿದ್ದಕ್ಕೆ ಇಷ್ಟು ಸಿಟ್ಟು ಯಾಕೆ?

ಕಾಂಜೂರ್‌ಮಾರ್ಗ್: ಫಾರ್ವರ್ಡ್ ಬೇಡ ಅಂತ ಮೊದಲೇ ಹೇಳಿದ್ದು ಓದೋಕೆ ಬರಲ್ವಾ?

ಠಾಣೆ: ನೀವು ಮಾತಾಡಬೇಡಿ. ಸ್ಟೇಡಿಯಂ ಬೇಡ ಅಂದವರು ಈ ಗುಂಪಿನಲ್ಲಿ ಯಾಕಿದ್ದೀರಿ?

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಮಾತು ಬಂದರೆ ಮ್ಯೂಟ್ ಮಾಡುತ್ತೇನೆ.

ಮುಲುಂಡ್: ಮೋರ್ಚಾಕ್ಕೆ ಮೈಕ್ ಎಷ್ಟು ಹೊತ್ತಿನವರೆಗೆ?

ವಕೀಲೆ: ರಾತ್ರಿ 10ರಿಂದ ಬೆಳಿಗ್ಗೆ 6 ಇಲ್ಲವೇ ಇಲ್ಲ. ಹಗಲಿಗೂ ಪೊಲೀಸ್ ಅನುಮತಿ ಬೇಕು.

ಪೊವಾಯಿ: ಪಾರ್ಕಿಂಗ್ ಬಗ್ಗೆ ಕೇಳಿದ್ದೆ.

ಘಾಟ್‌ಕೋಪರ್: ಹಾಲ್‌ಗೆ ಯಾರ ಹೆಸರಿಡಬೇಕು ಅಂತ ಈಗಲೇ ಪೋಲ್ ಹಾಕೋಣವೇ?

ಭಾಂಡುಪ್: ಅಕ್ಕಾರ, ಆರ್‌ಟಿಐ ಬರದೇನ್ರಿ, ಒಮ್ಮೆ ನೋಡ್ರಿ. ‘ಸಿಟಿಎಸ್ ನಂಬರಿನ ಈ ಜಾಗದ ಬಗ್ಗೆ: 1. ಸ್ವಾಧೀನಕ್ಕೆ ಕಲಂ 126ರಡಿ ಪ್ರಸ್ತಾವ ಆಗಿದ್ದರೆ ಅದರ ಪ್ರತಿ. 2. ಕಲಂ 127ರ ನೋಟಿಸ್ ಬಂದಿದ್ದರೆ ಅದರ ಪ್ರತಿ, ಮುಟ್ಟಿದ ದಿನಾಂಕ. 3. ಈ ವರ್ಷದ ಬಜೆಟ್‌ನಲ್ಲಿ ಇಟ್ಟ ಹಣ. 4. ಇಷ್ಟು ವರ್ಷ ಪಾಲಿಕೆ ಯಾಕೆ ಸುಮ್ಮನಿದೆ?’ ಕೆಳಗ ಬಳಗದ ಹೆಸರು ಹಾಕೇನಿ.

ವಕೀಲೆ: ಚೆನ್ನಾಗಿದೆ. ನಾಲ್ಕನೆಯದು ತೆಗೆಯಿರಿ, ‘ಯಾಕೆ’ ಅಂತ ಕೇಳಿದ್ದು ಮಾಹಿತಿಯಲ್ಲ ಅಂತ ವಾಪಸ್ ಬರುತ್ತದೆ. ಬಳಗದ ಹೆಸರು ಬೇಡ, ನಿಮ್ಮ ಹೆಸರಲ್ಲೇ ಹಾಕಿ. ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಬಜೆಟ್ ಪ್ರಶ್ನೆಗೆ ಬೇರೆ ಅರ್ಜಿ ಮಾಡಿ. ಶುಲ್ಕ ತಲಾ 10 ರೂಪಾಯಿ. 30 ದಿನ ಕಾಯಿರಿ, ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ಉತ್ತರದಲ್ಲಿ 127 ಅನ್ನುವ ಅಂಕಿ ಕಂಡರೆ ಅವತ್ತೇ ನನಗೆ ಫೋಟೊ ಕಳಿಸಿ.

ಭಾಂಡುಪ್: ಸೋಮವಾರನ ಕೊಡ್ತೇನ್ರಿ.