ಸನ್‌ರೂಫ್ ಕಿರ್ ಕಿರ್ ಅನ್ನುತ್ತಿದೆ, ಹುಬ್ಬಳ್ಳಿಯಲ್ಲಿ ಯಾರಾದರೂ ದಾರಿ ತೋರಿಸಿ

ನಮಸ್ಕಾರ್ರೀ ಎಲ್ಲರಿಗೂ. ನನ್ನ ಕಾರಿನ ಸನ್‌ರೂಫ್ (ಚಾವಣಿಯಲ್ಲಿ ತೆರೆಯುವ ಗಾಜು) ತಲೆ ತಿನ್ನುತ್ತಿದೆ. ನವನಗರದಿಂದ ಧಾರವಾಡದ ಕಡೆ ನುಣುಪು ರಸ್ತೆಯಲ್ಲಿ ಹೋಗುವಾಗ ಏನೂ ಇಲ್ಲ. ಹಳೇ ಹುಬ್ಬಳ್ಳಿಯ ಗುಂಡಿಗಳಿಗೆ ಇಳಿದರೆ ಸಾಕು, ನೆತ್ತಿಯ ಮೇಲೇ ಕಿರ್ ಕಿರ್ ಶುರು. ಬಿಸಿಲಲ್ಲಿ ನಿಲ್ಲಿಸಿದ ಕಾರು ಓಡಿಸಿದರೆ ಇನ್ನೂ ಜಾಸ್ತಿ.

ಗಾಜಿನ ಹಿಂದಿನ ಅಂಚನ್ನು ಸ್ವಲ್ಪ ಮೇಲೆತ್ತಿ ಓಡಿಸಿದರೆ ಸದ್ದು ಪೂರ್ತಿ ನಿಲ್ಲುತ್ತದೆ. ಒಳಗಿನ ಪರದೆ ಮುಚ್ಚಿದರೂ ತೆರೆದರೂ ವ್ಯತ್ಯಾಸವಿಲ್ಲ. ಹಾಗಾಗಿ ಗಾಜು ಸುತ್ತಲಿನ ರಬ್ಬರಿಗೆ ಉಜ್ಜುತ್ತಿರಬೇಕು ಅಂತ ನನ್ನ ಲೆಕ್ಕ. ರಬ್ಬರ್ ಮುಟ್ಟಿದರೆ ಒಣಗಿ ಬಿರುಸಾಗಿದೆ, ಬೆರಳಿಗೆ ಕೆಂಪು ಧೂಳು ಹತ್ತುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದ ದಿನ ಸುಮ್ಮನಿತ್ತು, ಮರುದಿನ ಮತ್ತೆ ಅದೇ ರಾಗ.

ಸರ್ವಿಸ್ ಸೆಂಟರ್‌ನವರು ಇಡೀ ಸನ್‌ರೂಫ್ ಸೆಟ್ಟೇ ಬದಲಿಸಿ ಅನ್ನುತ್ತಾರೆ. ರಬ್ಬರ್ ಸದ್ದಿಗೆ ಅಷ್ಟು ದುಡ್ಡು ಯಾಕೆ, ಅಲ್ವಾ?

ರಬ್ಬರಿಗೆ ಸಿಲಿಕೋನ್ ಗ್ರೀಸ್ ಹಚ್ಚಿ ನೋಡಿದವರು ಇದ್ದೀರಾ? ಎಷ್ಟು ದಿನ ತಾಳಿತು? (ಮಾಮೂಲಿ ಗ್ರೀಸ್ ಹಚ್ಚಿ ಅನ್ನಬೇಡಿ, ಪೆಟ್ರೋಲಿಯಂ ಎಣ್ಣೆಗೆ ರಬ್ಬರ್ ಉಬ್ಬಿ ಹಾಳಾಗುತ್ತದೆ.) ಗಾಜು ಒಂದು ಬದಿ ತಗ್ಗಾಗಿದ್ದರೂ ಹೀಗಾಗುತ್ತದಂತೆ. ಅದರ ಸ್ಕ್ರೂ ಸಡಿಲಿಸಿ ಮಟ್ಟ ಮಾಡಬಲ್ಲ ಮೆಕ್ಯಾನಿಕ್ ಗೋಕುಲ ರೋಡ್ ಕಡೆ ಇದ್ದರೆ ತಿಳಿಸಿ. ಮಳೆಗಾಲಕ್ಕೆ ಮುಂಚೆ ಸನ್‌ರೂಫ್ ಮೂಲೆಗಳಿಂದ ನೀರು ಹೊರಹೋಗುವ ಪೈಪುಗಳನ್ನೂ ಅವರಿಂದಲೇ ಸ್ವಚ್ಛ ಮಾಡಿಸುತ್ತೇನೆ.