ನಾಯಿ-ಬೆಕ್ಕಿನ ಗುಂಪು ನಡೆಸೋರು ಹೇಳಿ: ಸಾಲ, ಜಾಗ, ಜನ ಹೇಗೆ ಸಂಭಾಳಿಸ್ತೀರಿ?

ಚಿಕ್ಕಬಳ್ಳಾಪುರದಿಂದ, ಪ್ರಶ್ನೆ

ನಾವು 6 ಜನ ಸೇರಿ ಎರಡು ವರ್ಷದಿಂದ ಬೀದಿ ನಾಯಿ, ಬೆಕ್ಕುಗಳನ್ನ ನೋಡ್ಕೊಳ್ತಾ ಇದ್ದೀವಿ. ನೋಂದಣಿ ಇಲ್ಲ, ಶೆಡ್ಡೂ ಇಲ್ಲ. ನಮ್ಮನೆ ಮಹಡಿ ಮೇಲಿನ ಶೀಟಿನ ರೂಮೇ ಎಲ್ಲಾ. ಈಗ ಅಲ್ಲಿ 11 ಬೆಕ್ಕು, 4 ನಾಯಿ. ಡಾಕ್ಟ್ರಿಗೂ ಮೆಡಿಕಲ್ ಸ್ಟೋರಿಗೂ ಸೇರಿ 42 ಸಾವಿರ ಬಾಕಿ. ಆರರಲ್ಲಿ ಇಬ್ಬರು ಗ್ರೂಪಲ್ಲಿ ಮೆಸೇಜ್ ನೋಡ್ತಾರೆ, ನೀಲಿ ಟಿಕ್ ಬರುತ್ತೆ, ಅಷ್ಟೇ. ಮೊನ್ನೆ ಬೆಳಿಗ್ಗೆ ಹಾಲು ತರೋಕೆ ಗೇಟ್ ತೆಗೆದ್ರೆ ಟೊಮೆಟೊ ಕ್ರೇಟಿನಲ್ಲಿ 5 ಬೆಕ್ಕಿನ ಮರಿ, ಕಣ್ಣೂ ಬಿಟ್ಟಿರಲಿಲ್ಲ. ಮೇಲೊಂದು ಒದ್ದೆ ಟವಲ್ಲು, ಪಕ್ಕದಲ್ಲಿ ಪಾಕೆಟ್ ಹಾಲು ಸುರಿದಿದ್ದ ಚಟ್ನಿ ಬಟ್ಟಲು. ಸಂಜೆಯೊಳಗೆ 3 ಹೋದವು. "ಇನ್ಮೇಲೆ ಗೇಟಿಗೆ ಬೀಗ ಹಾಕು, ಇಲ್ಲಾಂದ್ರೆ ನಂಗೊಂದು ಬೇರೆ ಮನೆ ನೋಡು" ಅಂದ್ರು ಅಮ್ಮ. ನಿಲ್ಲಿಸಬೇಕಾ ಅಂತ ಕೇಳ್ತಿಲ್ಲ, ಅದು ನಮ್ಮ ಕೈಲಾಗಲ್ಲ. ನೀವೆಲ್ಲ ಎಲ್ಲಿ ಎಡವಿದ್ರಿ, ಆಮೇಲೆ ಏನು ಬದಲಾಯಿಸಿದ್ರಿ, ಅದನ್ನ ಹೇಳಿ.

ತುಮಕೂರು, ಕ್ಯಾತ್ಸಂದ್ರದಿಂದ

ನಾವು ಎಡವಿದ್ದು "ಒಂದು ರಾತ್ರಿ ತಾನೆ" ಅನ್ನೋ ಮಾತಲ್ಲಿ. ಬಟವಾಡಿ ಹತ್ರ ಬಿ.ಎಚ್. ರಸ್ತೆ ಪಕ್ಕ ಒಂದು ನಾಯಿಮರಿ ಸಿಕ್ತು. ರಾತ್ರಿ ಹತ್ತೂವರೆ, ಮಳೆ ಬೇರೆ. ಬೆಳಿಗ್ಗೆ ನೋಡೋಣ ಅಂತ ಉಳಿದ 8 ಮರಿಗಳ ಜೊತೆ ಬಿಟ್ಟೆ. ಐದನೇ ದಿನ ಶೆಡ್ಡಿನ ಬಾಗಿಲು ತೆಗೆದಾಗ ಒಂದು ವಾಸನೆ ಬಂತು. ಪಾರ್ವೋ, ಅಂದ್ರೆ ನಾಯಿಮರಿಗಳನ್ನ ಕೊಲ್ಲೋ ವೈರಸ್ ರೋಗ; ಆ ಭೇದಿಯ ವಾಸನೆ ಒಂದ್ಸಲ ಮೂಗಿಗೆ ಬಡಿದೋರಿಗೆ ಲ್ಯಾಬ್ ರಿಪೋರ್ಟೇ ಬೇಕಾಗಲ್ಲ. ಡ್ರಿಪ್ ಬಾಟಲಿಗಳನ್ನ ಕಿಟಕಿ ಸರಳಿಗೆ ಸಾಲಾಗಿ ನೇತುಹಾಕಿ, ಮೂರು ರಾತ್ರಿ ಮೊಬೈಲ್ ಟಾರ್ಚಲ್ಲಿ ಹನಿ ಎಣಿಸ್ತಾ ಕೂತಿದ್ವಿ. ಒಂಬತ್ತರಲ್ಲಿ ಉಳಿದದ್ದು ಎರಡು. ಆ ವೈರಸ್ಸು ಮಣ್ಣಲ್ಲಿ ತಿಂಗಳುಗಟ್ಟಲೆ ಇರುತ್ತೆ, ಫಿನಾಯಿಲ್‌ಗೆಲ್ಲ ಜಗ್ಗಲ್ಲ, ಬ್ಲೀಚ್ ಬೇಕು. ನಮ್ಮದು ಮಣ್ಣಿನ ನೆಲ. ಆಮೇಲೆ ಒಂದು ವರ್ಷ ಅಲ್ಲಿಗೆ ಮರಿ ಸೇರಿಸಲೇ ಇಲ್ಲ, ಸಿಮೆಂಟ್ ಹಾಕ್ಸಿದ್ವಿ. ಈಗ ಹೊಸದಾಗಿ ಬಂದದ್ದು ಯಾವುದೇ ಇರಲಿ, 14 ದಿನ ಬೇರೆ ಕಡೆ. ಬಟ್ಟಲು ಬೇರೆ, ಪೊರಕೆ ಬೇರೆ, ನಮ್ಮ ಚಪ್ಪಲಿನೂ ಬೇರೆ. ಲಸಿಕೆ 6ರಿಂದ 8 ವಾರಕ್ಕೆ ಶುರು ಮಾಡಿ, 3-4 ವಾರಕ್ಕೊಂದರಂತೆ 16 ವಾರ ಆಗೋತನಕ. ಒಂದು ಸೂಜಿ ಹಾಕ್ಸಿ "ಆಯ್ತು" ಅಂದ್ಕೊಂಡಿದ್ದೇ ನಾವು ಮಾಡಿದ ಎರಡನೇ ತಪ್ಪು.

ಇನ್ನೊಂದು, ಗೋಡೆ ಮೇಲೆ ಸೀಮೆಸುಣ್ಣದಲ್ಲಿ 20 ಅಂತ ಬರ್ದಿದ್ದೀವಿ. ಇಪ್ಪತ್ತು ಇದ್ರೆ ಇಪ್ಪತ್ತೊಂದನೇದು ಬರಂಗಿಲ್ಲ. ಕಲ್ಲು ಮನಸ್ಸು ಅಂತ ಬೈಸಿಕೊಂಡಿದ್ದೀನಿ. ಆದ್ರೆ ಫೋನ್ ಮಾಡಿದೋರಿಗೆ ಬರೀ "ಜಾಗ ಇಲ್ಲ" ಅನ್ನಲ್ಲ. "ನೀವೇ 10 ದಿನ ಇಟ್ಕೊಳ್ಳಿ. ಲಸಿಕೆ, ಔಷಧಿ ನಮ್ಮದು, ಸಾಕೋರನ್ನೂ ನಾವೇ ಹುಡುಕ್ತೀವಿ" ಅಂತೀನಿ. ಮುಕ್ಕಾಲು ಪಾಲು ಅಲ್ಲೇ ಫೋನ್ ಇಡ್ತಾರೆ. ಒಪ್ಪಿದವರೇ ಇವತ್ತು ನಮ್ಮ ಫಾಸ್ಟರ್‌ಗಳು, ಅಂದ್ರೆ ಸಾಕೋರು ಸಿಗೋತನಕ ಮನೇಲಿಟ್ಟು ನೋಡ್ಕೊಳ್ಳೋರು.

ಕಣ್ಣು ಬಿಡದ ಮರಿ ಬಂದ್ರೆ ಮೊದಲು ಮೈ ಬಿಸಿ ಮಾಡಿ, ಆಮೇಲೆ ಹಾಲು. ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಮೈ ತಣ್ಣಗಿದ್ದಾಗ ಹೊಟ್ಟೆಗೆ ಹೋದದ್ದು ಜೀರ್ಣವಾಗಲ್ಲ. ಪಾಕೆಟ್ ಹಾಲು ಬೇಡ, ಭೇದಿ ಆಗುತ್ತೆ; ಬೆಕ್ಕಿನ ಮರಿಗೇ ಅಂತ ಹಾಲಿನ ಪುಡಿ ಬರುತ್ತೆ. ಕುಡಿಸಿದ್ಮೇಲೆ ಒದ್ದೆ ಹತ್ತಿಯಲ್ಲಿ ಹಿಂದುಗಡೆ ಮೆಲ್ಲಗೆ ಒರೆಸಿ, ಇಲ್ಲಾಂದ್ರೆ ಅದಕ್ಕೆ ಉಚ್ಚೆ ಹೊಯ್ಯೋಕೂ ಬರಲ್ಲ.

ಕೋಲಾರದಿಂದ

ಮೇಲಿನವರು ಹೇಳಿದ್ದು ಸರಿ. ಆದ್ರೆ ಅಕ್ಕ, ನೀವು ಮಾಡ್ತಿರೋದು ತೂತು ಕೊಡಕ್ಕೆ ನೀರು ಹೊಯ್ದಂಗೆ. ಆ 5 ಮರಿ ಹೆತ್ತ ತಾಯಿ ಎಲ್ಲೈತೆ? ಅದನ್ನ ಹುಡುಕಿ. ಬೆಕ್ಕಿನ ಗರ್ಭ ಒಂಬತ್ತು ವಾರ, ಮರಿ ಹಾಲು ಕುಡೀತಿರೋವಾಗ್ಲೇ ಮತ್ತೆ ಬೆದೆಗೆ ಬತ್ತದೆ. 4-5 ತಿಂಗಳಿಗೇ ಮರಿ ಆಗದಂಗೆ ಆಪರೇಷನ್ ಮಾಡಿಸ್ಬೋದು. ನಾವು ಎರಡು ವರ್ಷ ಬರೀ ಮರಿ ಎತ್ಕೊಂಡು ಬಂದ್ವಿ. ಆಮೇಲೆ ಬುದ್ಧಿ ಬಂತು. ಕಬ್ಬಿಣದ ಬೋನು ಮಾಡಿಸಿ ಒಳಗೆ ಒಣಮೀನು ಕಟ್ತೀವಿ. ಟೊಮೆಟೊ ಮಂಡಿ ಹಿಂದಿನ ಒಂದೇ ಗಲ್ಲೀಲಿ 7 ಹೆಣ್ಣು ಬೆಕ್ಕು ಹಿಡಿದು ಆಪರೇಷನ್ ಮಾಡಿಸಿದ್ವಿ. ಆ ಗಲ್ಲಿಯಿಂದ ಈಗ ಕ್ರೇಟ್ ಬರಲ್ಲ.

ನಾಯಿ ವಿಷಯಕ್ಕೆ ನಗರಸಭೆಗೆ ಅರ್ಜಿ ಕೊಡಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದ ಪ್ರಕಾರ ಸಂತಾನಹರಣ, ರೇಬೀಸ್ ಲಸಿಕೆ ಮಾಡಿಸೋದು ಸ್ಥಳೀಯ ಸಂಸ್ಥೆಯ ಹೊಣೆ. ನಿಮ್ಮ ಜೇಬಿನದಲ್ಲ. ಸುಮ್ನೆ ಬಾಯಲ್ಲಿ ಹೇಳಿ ಬರಬೇಡಿ, ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ನಾಲ್ಕು ಅರ್ಜಿಗೆ ಒಂದು ಉತ್ತರ ಬರಬೋದು, ಆದ್ರೂ ಕೊಡ್ತಾ ಇರಿ. ಇನ್ನು ಬಸ್ ಸ್ಟ್ಯಾಂಡಲ್ಲಿ ಊಟ ಹಾಕ್ತಿದ್ರೆ ನಿಲ್ಸಿ. 2025ರ ನವೆಂಬರ್ 7ರ ಸುಪ್ರೀಂ ಕೋರ್ಟ್ ಆದೇಶದಂತೆ ಶಾಲೆ, ಆಸ್ಪತ್ರೆ, ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್‌ನಿಂದ ಹಿಡಿದ ನಾಯೀನ ವಾಪಸ್ ಅಲ್ಲಿಗೆ ಬಿಡಂಗಿಲ್ಲ. ನೀವು ಅನ್ನ ಹಾಕಿ ಸೇರಿಸಿದ ನಾಯಿಗಳೇ ಮೊದಲು ಸಿಕ್ಕೊಳ್ಳೋದು.

ನಮ್ಮ ಬೀದೀಲಿ ಒಬ್ಬರು ರಿಟೈರ್ಡ್ ಮೇಷ್ಟ್ರಿದ್ದಾರೆ. ಐದು ವರ್ಷದಿಂದ ಬೈತಾನೇ ಇದ್ದಾರೆ, ಇವತ್ತಿಗೂ ನಿಲ್ಸಿಲ್ಲ. ಆದ್ರೆ ಆಪರೇಷನ್ ಆದ ನಾಯಿಗೆ ಗುರುತಿಗೆ ಕಿವೀಲಿ ಒಂದು ಚೂರು ಕತ್ತರಿಸಿರ್ತಾರೆ ಅಂತ ಒಂದಿನ ತೋರ್ಸಿದ್ದೆ. ಈಗ ಬೆಳಿಗ್ಗೆ ಆರಕ್ಕೆ ಫೋನು: "ಏನಪ್ಪಾ, ಕಿವಿ ಕಟ್ ಆಗದೇ ಇರೋದೊಂದು ಬಂದೈತೆ, ಮಲಗಿದ್ದೀಯಾ?"

ತುಮಕೂರಿನಿಂದ, ಲೆಕ್ಕ ನೋಡ್ಕೊಳ್ಳೋರು

ದುಡ್ಡಿನ ವಿಷಯ ಯಾರೂ ಮುಟ್ಟಿಲ್ಲ. ನಮ್ಮ ಗುಂಪು ಒಡೆದದ್ದು ನಾಯಿಯಿಂದಲ್ಲ, ಪೆಟ್ರೋಲ್ ಖರ್ಚಿಂದ. ದಾನ ಎಲ್ಲ ಒಬ್ಬರ ಫೋನ್‌ಪೇಗೆ ಬರ್ತಿತ್ತು. ಅವರು ತಿಂದ್ರು ಅಂತ ನಾನು ಇವತ್ತಿಗೂ ಹೇಳಲ್ಲ, ಕೈಯಿಂದಾನೇ ಹಾಕಿರ್ತಾರೆ. ಆದ್ರೆ ಚೀಟಿ ಇರಲಿಲ್ಲ. ಚೀಟಿ ಇಲ್ಲದ ಕಡೆ ಅನುಮಾನ ಬಂದು ಕೂರುತ್ತೆ. ಈಗ ಬೇರೆ ಖಾತೆ, ಇಬ್ಬರ ಸಹಿ. ಪ್ರತಿ ಭಾನುವಾರ ಬಿಲ್ಲಿನ ಫೋಟೊ ಗ್ರೂಪಿಗೆ. ಡಾಕ್ಟ್ರ ಹತ್ರ ಬಾಕಿ 10 ಸಾವಿರ ಮುಟ್ಟಿದ್ರೆ, ಜೀವ ಹೋಗೋ ಕೇಸ್ ಬಿಟ್ಟು ಬೇರೆ ಒಪ್ಪಲ್ಲ. ನಿಮ್ಮ 42 ಸಾವಿರಕ್ಕೆ ನನ್ನ ಸಲಹೆ: ಮೆಡಿಕಲ್ ಸ್ಟೋರಿನ ಸ್ಕ್ಯಾನರ್ ಫೋಟೊನೇ ಹಾಕಿ, ಕೊಡೋರು ನೇರ ಅಂಗಡಿಗೇ ಕಟ್ಟಲಿ. ನಮ್ಮ ಹಳೇ ಬಾಕಿ ಹಾಗೇ ತೀರಿದ್ದು. ತಿಂಗಳಿಗೆ 100 ರೂಪಾಯಿ ತಪ್ಪದೇ ಕೊಡೋ 30 ಜನ ಸಿಕ್ಕಿದ್ರೆ, ಯಾವಾಗ್ಲೋ ಒಮ್ಮೆ 5 ಸಾವಿರ ಕೊಟ್ಟು ಫೋಟೊ ಕೇಳೋರಿಗಿಂತ ಮೇಲು.

ಸಂಘ ನೋಂದಣಿಗೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ 7 ಜನ ಬೇಕು. ನೀವು 6. ಆ ನೀಲಿ ಟಿಕ್ ಇಬ್ಬರನ್ನ ಬಿಟ್ರೆ 4. ಅವರನ್ನ ಬೈದು ಕಳಿಸಬೇಡಿ, ಕೆಲಸ ಬದಲಾಯಿಸಿ. ನಮ್ಮಲ್ಲಿ ಗಾಯ ನೋಡೋಕಾಗದೆ ದೂರ ಆಗಿದ್ದ ಹುಡುಗಿ ಈಗ ದತ್ತು ಕೊಟ್ಟ ಮನೆಗಳಿಗೆ ಫೋನ್ ಮಾಡಿ ವಿಚಾರಿಸ್ತಾಳೆ. ಆ ಕೆಲಸ ನಾವ್ಯಾರೂ ಮಾಡ್ತಿರಲಿಲ್ಲ.

ಚಿಂತಾಮಣಿಯಿಂದ

ಒಂದೇ ಮಾತು. ನೀವು 6 ಜನ ಮೊದಲು ರೇಬೀಸ್ ಲಸಿಕೆ ಹಾಕಿಸ್ಕೊಳ್ಳಿ, ಕಚ್ಚೋಕೆ ಮುಂಚೆನೇ: 0 (ಮೊದಲ ಸೂಜಿ ಹಾಕಿಸೋ ದಿನ), 7, ಆಮೇಲೆ 21 ಅಥವಾ 28ನೇ ದಿನ. ಅದಾದ ಮೇಲೆ ಕಚ್ಚಿಸಿಕೊಂಡ್ರೆ 0 ಮತ್ತು 3ನೇ ದಿನ ಎರಡೇ ಸೂಜಿ, ಇಮ್ಯುನೊಗ್ಲೋಬ್ಯುಲಿನ್ (ಗಾಯದ ಸುತ್ತ ಹಾಕೋ ಪ್ರತಿಕಾಯದ ಸೂಜಿ) ಬೇಕಿಲ್ಲ. ಕಚ್ಚಿದ ತಕ್ಷಣ ಸೋಪು ಹಾಕಿ ನಲ್ಲಿ ಕೆಳಗೆ 15 ನಿಮಿಷ ತೊಳೀಬೇಕು, ಅರಿಶಿನ-ಸುಣ್ಣ ಅಲ್ಲ. ಬೆಕ್ಕು ಪರಚಿದ್ರೂ ಅಷ್ಟೇ. ಮತ್ತೆ, ಬೆಕ್ಕಿಗೆ ಜ್ವರ ಅಂತ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ. ನಮ್ಮ ಸ್ವಯಂಸೇವಕರೊಬ್ಬರು ಅರ್ಧ ಮಾತ್ರೆ ಕೊಟ್ಟು ಬೆಕ್ಕನ್ನ ಕಳಕೊಂಡ್ರು.

ನಂದಿ ಕಡೆಯಿಂದ

ಕ್ಯಾತ್ಸಂದ್ರದವರ 20ರ ಲೆಕ್ಕ ನಾನು ಒಪ್ಪಲ್ಲ, ಕ್ಷಮಿಸಿ. ಬೆಟ್ಟದ ರಸ್ತೇಲಿ ಸೋಮವಾರ ಬೆಳಿಗ್ಗೆ ಓಡಾಡಿ ನೋಡಿ. ಭಾನುವಾರ ಕಾರಲ್ಲಿ ಬಂದೋರು ಬಿಟ್ಟು ಹೋದ, ಕೊರಳಲ್ಲಿ ಬೆಲ್ಟಿನ ಗುರುತಿರೋ ಲ್ಯಾಬ್ರಡಾರ್ ಒಂದೊಂದು ಕಾರಿನ ಹಿಂದೆನೂ ಓಡ್ತಿರುತ್ತೆ. ಅದಕ್ಕೆ ಎಂಜಲು ಹುಡುಕೋಕೂ ಗೊತ್ತಿಲ್ಲ, ಬೀದಿ ನಾಯಿಗಳು ಬಿಡೋದೂ ಇಲ್ಲ. "10 ದಿನ ನೀವೇ ಇಟ್ಕೊಳ್ಳಿ" ಅಂತ ಯಾರಿಗೆ ಹೇಳ್ಲಿ? ನಾನು ತಗೊಂಡು ಬರ್ತೀನಿ. ಹಾಗಂತ ನನ್ನನ್ನ ನೋಡಿ ಕಲೀರಿ ಅಂತಾನೂ ಹೇಳಲ್ಲ. ಮೂರು ದೀಪಾವಳಿ ಆಯ್ತು, ತವರಿಗೆ ಹೋಗಿಲ್ಲ.

ಚಿಕ್ಕಬಳ್ಳಾಪುರದಿಂದ

ಎಲ್ಲಾ ಓದಿದೆ, ಎರಡು ಸಲ. ಉಳಿದ 2 ಮರಿ ಬಿಸಿನೀರಿನ ಬಾಟಲಿ ಪಕ್ಕ ಮಲಗಿವೆ, ಅಮ್ಮಾನೇ ನೀರು ಬದಲಾಯಿಸ್ತಿದ್ದಾರೆ, ಬೈಕೊಂಡು. ಗೋಡೆ ಮೇಲೆ 15 ಬರೆದೆ. ಈಗಾಗಲೇ 17 ಇದಾವೆ, ಏನ್ಮಾಡ್ಲಿ. ಕೋಲಾರದ ಅಣ್ಣ, ಆ ಬೋನು ಒಂದು ವಾರಕ್ಕೆ ಕೊಡ್ತೀರಾ?

ಕೋಲಾರದಿಂದ

ಗುರುವಾರ ಚಿಂತಾಮಣಿ ಬಸ್ಸಿಗೆ ಹಾಕ್ತೀನಿ. ಬಾಗಿಲಿನ ಸ್ಪ್ರಿಂಗ್ ಸ್ವಲ್ಪ ಬಿಗಿ, ಬೆರಳು ಜೋಪಾನ. ಒಣಮೀನು ಮಾತ್ರ ನೀವೇ ತಗೊಳ್ಳಿ ಅಕ್ಕ, ಕಂಡಕ್ಟರು ಹೋದ್ಸಲನೇ ಗಲಾಟೆ ಮಾಡಿದ್ರು.