ಪದಚರ್ಚೆ: ‘ಪ್ರಮಾಣಪತ್ರ’ ಯಾರ ಮಾತು? ಕೊಟ್ಟವರದೋ, ಪಡೆದವರದೋ?

ಎಲ್ಲರಿಗೂ ನಮಸ್ಕಾರ.

ನಾವು ದಿನವೂ ಬಳಸುವ ಒಂದು ಪದ ಎರಡು ಬೇರೆ ಬೇರೆ ಕಾಗದಗಳಿಗೆ ಹೆಸರಾಗಿದೆ. ಇಷ್ಟು ವರ್ಷ ನನಗೆ ಅದು ತೊಡಕೆನಿಸಿರಲಿಲ್ಲ. ಕಳೆದ ತಿಂಗಳು ನಮ್ಮ ಮನೆಯವರೊಬ್ಬರು ಈ ಪದದ ದೆಸೆಯಿಂದ ಪರದೇಶದ ಕಚೇರಿಯೊಂದರಿಂದ ಬರಿಗೈಯಲ್ಲಿ ಹಿಂದಿರುಗಿದ ಮೇಲೆ ಕೇಳದೆ ಇರಲಾಗುತ್ತಿಲ್ಲ. ಪದ ‘ಪ್ರಮಾಣಪತ್ರ’.

ನನ್ನ ಭಾವ ರಾಜ್ಯದ ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಮಗಳು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಕೆಲಸದಲ್ಲಿರುವುದರಿಂದ ಅಕ್ಕ, ಭಾವ ಇಬ್ಬರೂ ಈಗ ಅಲ್ಲೇ ಇದ್ದಾರೆ. 50 ವರ್ಷ ತುಂಬಿದ ವಿದೇಶಿಯರಿಗೆ ಆ ದೇಶ ನಿವೃತ್ತಿಯ ಆಧಾರದ ಮೇಲೆ ವರ್ಷಕ್ಕೊಮ್ಮೆ ವಾಸದ ಅನುಮತಿ ಕೊಡುತ್ತದೆ. ಜನ ಅದನ್ನು ವೀಸಾ ನವೀಕರಣ ಎನ್ನುತ್ತಾರೆ. ಅಲ್ಲಿಯ ವಲಸೆ ಕಚೇರಿಯ ಲೆಕ್ಕದಲ್ಲಿ ಅದು ವಾಸಾವಧಿಯ ವಿಸ್ತರಣೆ. ಅದಕ್ಕೆ ಹಣಕಾಸಿನ ದಾರಿ ಮೂರು. ಅಲ್ಲಿಯ ಬ್ಯಾಂಕಿನಲ್ಲಿ 8,00,000 ಬಾಟ್ ಇಟ್ಟಿರಬೇಕು, ಇಲ್ಲವೇ ತಿಂಗಳಿಗೆ 65,000 ಬಾಟ್ ವರಮಾನವಿರಬೇಕು, ಅದೂ ಇಲ್ಲವೆಂದರೆ ವರ್ಷದ ವರಮಾನ ಮತ್ತು ಠೇವಣಿ ಕೂಡಿ 8,00,000 ಆಗಬೇಕು. ನಮ್ಮ ಮೇಷ್ಟರುಗಳ ಪಿಂಚಣಿಗೆ ಒದಗುವುದು ಮೂರನೆಯದೇ. ತಿಂಗಳಿಗೆ 30,000 ಬಾಟ್‌ನಷ್ಟು ಪಿಂಚಣಿ ಬರುತ್ತದೆಂದು ಹಿಡಿಯಿರಿ, ವರ್ಷಕ್ಕೆ 3,60,000; ಉಳಿದ 4,40,000 ಠೇವಣಿಯಲ್ಲಿರಬೇಕು. ಹಾಗಾಗಿ ಪಿಂಚಣಿ ಎಷ್ಟು ಬರುತ್ತದೆ ಎಂಬುದಕ್ಕೆ ಕಾಗದ ಬೇಕೇ ಬೇಕು.

ಆ ಕಾಗದವನ್ನು ಬೆಂಗಳೂರಿನಲ್ಲಿ ಮಾಡಿಸಿ ಕಳಿಸುವುದು ನನ್ನ ಪಾಲಿನ ಕೆಲಸ. ಸಂಬಂಧಪಟ್ಟ ಕಚೇರಿಯವರು ಎರಡೇ ಭೇಟಿಯಲ್ಲಿ ಪತ್ರ ಕೊಟ್ಟರು. ಕನ್ನಡದಲ್ಲೇ ಇತ್ತು, ನನಗೆ ಸಂತೋಷವೇ ಆಯಿತು. ಮೇಲೆ ನಡುವೆ ‘ಪ್ರಮಾಣ ಪತ್ರ’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು. ಅದರ ಕೆಳಗೆ ಭಾವನ ಹೆಸರು, ಪಿಂಚಣಿ ಪಾವತಿ ಆದೇಶದ ಸಂಖ್ಯೆ, ತಿಂಗಳ ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ, ಕೊನೆಗೆ ‘ಎಂದು ಈ ಮೂಲಕ ಪ್ರಮಾಣೀಕರಿಸಲಾಗಿದೆ’. ನೇರಳೆ ಶಾಯಿಯ ದುಂಡು ಮುದ್ರೆ ಸಹಿಯ ಮೇಲೆ ಅರ್ಧ ಬಿದ್ದಿತ್ತು. ಇದನ್ನು ಇಂಗ್ಲಿಷಿಗೆ ಮಾಡಿಸಲು ನ್ಯಾಯಾಲಯದ ಹತ್ತಿರ ಬೆರಳಚ್ಚು ಮತ್ತು ಅನುವಾದ ಮಾಡಿಕೊಡುವ ಒಬ್ಬರಿಗೆ ಕೊಟ್ಟೆ. ಅವರು ತಲೆಬರಹವನ್ನು ‘ಅಫಿಡವಿಟ್’ ಎಂದು ಮಾಡಿದರು. ‘ಪ್ರಮಾಣೀಕರಿಸಲಾಗಿದೆ’ ಎಂಬುದು ‘ಪ್ರಮಾಣ ಮಾಡಿ ಹೇಳಲಾಗಿದೆ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯವಾಯಿತು. ಮೊತ್ತ, ದಿನಾಂಕ, ಸಂಖ್ಯೆಗಳನ್ನು ನಾನು ಮೂರು ಸಲ ತಾಳೆ ನೋಡಿದೆ. ತಲೆಬರಹವನ್ನು ನೋಡಬೇಕೆಂದು ಹೊಳೆಯಲಿಲ್ಲ.

ವಲಸೆ ಕಚೇರಿಯ ಅಧಿಕಾರಿಣಿ ಮೊದಲು ನೋಡಿದ್ದೇ ತಲೆಬರಹವನ್ನು. ‘ಇದು ನೀವೇ ಪ್ರಮಾಣ ಮಾಡಿ ಬರೆದ ಹೇಳಿಕೆ. ನಿಮಗೆ ಹಣ ಕೊಡುವವರ ಪತ್ರ ಎಲ್ಲಿ?’ ಎಂದು ಕೇಳಿದರಂತೆ. ಹಣ ಕೊಡುವವರ ಪತ್ರವೇ ಭಾವನ ಕೈಯಲ್ಲಿತ್ತು. ಅದರ ಹೆಸರು ಮಾತ್ರ ಬೇರೆಯಾಗಿತ್ತು.

ಆ ಅನುವಾದಕರ ಮೇಲೆ ನನಗೆ ಸಿಟ್ಟಿಲ್ಲ. ದಿನವಿಡೀ ನ್ಯಾಯಾಲಯದ ಕಾಗದ ನೋಡುವವರಿಗೆ ಪ್ರಮಾಣಪತ್ರ ಎಂದರೆ ಅಫಿಡವಿಟ್ಟೇ. ನಮ್ಮ ಪತ್ರಿಕೆಗಳೂ ‘ಸರ್ಕಾರ ಹೈಕೋರ್ಟ್‌ಗೆ ಪ್ರಮಾಣಪತ್ರ ಸಲ್ಲಿಸಿತು’ ಎಂದೇ ಬರೆಯುತ್ತವೆ. ಚುನಾವಣೆಗೆ ನಿಂತವರು ನಾಮಪತ್ರದ ಜೊತೆ ಆಸ್ತಿಯ ವಿವರ ಕೊಡುವುದೂ ಪ್ರಮಾಣಪತ್ರದಲ್ಲೇ. ಅದೇ ಪತ್ರಿಕೆಯ ಇನ್ನೊಂದು ಪುಟದಲ್ಲಿ ಜನನ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಎಂದಿರುತ್ತದೆ. ಮೊದಲನೆಯದರಲ್ಲಿ ನನ್ನ ಬಗ್ಗೆ ನಾನೇ ಆಣೆಯಿಟ್ಟು ಹೇಳುತ್ತೇನೆ. ಎರಡನೆಯದರಲ್ಲಿ ನನ್ನ ಬಗ್ಗೆ ಇನ್ನೊಬ್ಬರು, ಹೇಳುವ ಅಧಿಕಾರವಿರುವವರು, ಹೇಳುತ್ತಾರೆ. ಹೀಗೆ ಪೂರ್ತಿ ಎದುರುಬದುರಾದ ಎರಡು ಕಾಗದಗಳಿಗೆ ಒಂದೇ ಹೆಸರು.

ನೆರೆಹೊರೆಯ ಭಾಷೆಗಳನ್ನು ನೋಡಿದಾಗ ನನಗೆ ಇನ್ನಷ್ಟು ಕುತೂಹಲ ಹುಟ್ಟಿತು. ಹಿಂದಿಯಲ್ಲಿ ಪ್ರಮಾಣಪತ್ರ ಎಂದರೆ ಸರ್ಟಿಫಿಕೇಟು. ಅಫಿಡವಿಟ್ಟಿಗೆ ಶಪಥಪತ್ರ ಅಥವಾ ಹಲಫ್‌ನಾಮಾ. ಮರಾಠಿಯಲ್ಲೂ ಪ್ರಮಾಣಪತ್ರ ಸರ್ಟಿಫಿಕೇಟೇ, ಅಫಿಡವಿಟ್ಟು ಪ್ರತಿಜ್ಞಾಪತ್ರ. ತೆಲುಗು, ತಮಿಳುಗಳಲ್ಲಿ ಇದು ತಿರುಗುಮುರುಗು. ತೆಲುಗಿನವರಿಗೆ ಪ್ರಮಾಣ ಪತ್ರ ಎಂದರೆ ಅಫಿಡವಿಟ್ಟು, ಸರ್ಟಿಫಿಕೇಟಿಗೆ ಧ್ರುವೀಕರಣ ಪತ್ರ ಎನ್ನುತ್ತಾರೆ. ತಮಿಳಿನ ಪಿರಮಾಣಪ್ ಪತ್ತಿರಂ ಕೂಡ ಅಫಿಡವಿಟ್ಟೇ, ಸರ್ಟಿಫಿಕೇಟಿಗೆ ಸಾನ್ರಿದಳ್ ಎಂಬ ಬೇರೆ ಪದವಿದೆ. ಉತ್ತರದವರು ಒಂದು ಅರ್ಥ ಹಿಡಿದರು, ದಕ್ಷಿಣದ ನೆರೆಯವರು ಇನ್ನೊಂದನ್ನು. ಕನ್ನಡ ಎರಡನ್ನೂ ಇಟ್ಟುಕೊಂಡಿದೆ. ಧ್ರುವೀಕರಣವನ್ನು ನಾವು ತೆಲುಗಿನಿಂದ ತರುವಂತೆಯೂ ಇಲ್ಲ, ನಮ್ಮಲ್ಲಿ ಅದು ಮತಗಳ ಧ್ರುವೀಕರಣವಾಗಿ ರಾಜಕೀಯಕ್ಕೆ ಸೇರಿಹೋಗಿದೆ.

ಬೇರಿನಲ್ಲೇ ಈ ಕವಲು ಇದೆ. ಪ್ರಮಾಣದ ಮೂಲ ಅರ್ಥ ಅಳತೆ. ಮಳೆಯ ಪ್ರಮಾಣ, ಉಪ್ಪಿನ ಪ್ರಮಾಣ ಎನ್ನುವಾಗ ಇರುವುದು ಅದೇ. ಶಾಸ್ತ್ರದಲ್ಲಿ ಅದು ತಿಳಿವಿನ ಸಾಧನ: ನ್ಯಾಯದರ್ಶನದವರಿಗೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು, ಮಾಧ್ವರಿಗೆ ಪ್ರತ್ಯಕ್ಷ, ಅನುಮಾನ, ಆಗಮ ಎಂದು ಮೂರು. ಇದರ ಜೊತೆಗೆ ಆಡುಮಾತಿನ ಆಣೆ ಪ್ರಮಾಣ ಇದೆ, ಧರ್ಮಸ್ಥಳಕ್ಕೆ ಬಂದು ಮಂಜುನಾಥನ ಮುಂದೆ ಮಾಡು ಎಂದು ಸವಾಲು ಹಾಕುವುದು. ಅಳತೆಯ ಪದ ಆಣೆಯದಾದದ್ದು ಹೇಗೆ? ನನಗೆ ತೋರುವುದು ಇಷ್ಟು. ದೇವರ ಮುಂದೆ ನಿಂತವನು ತನ್ನ ಮಾತಿಗೆ ದೇವರನ್ನೇ ಪ್ರಮಾಣವಾಗಿ, ಎಂದರೆ ಆಧಾರವಾಗಿ, ನಿಲ್ಲಿಸುತ್ತಾನೆ. ‘ದೇವರು ಪ್ರಮಾಣ’ ಎಂಬ ಮಾತು ‘ಪ್ರಮಾಣ ಮಾಡು’ ಎಂದಾಗಿರಬೇಕು. ಹಳೆಯ ಬಳಕೆಗಳನ್ನು ಬಲ್ಲವರು ಇದನ್ನು ತಿದ್ದಿದರೆ ಉಪಕಾರ.

ಶಾಸ್ತ್ರದ ಲೆಕ್ಕ ಭಾವನ ಕಾಗದಪತ್ರಗಳಿಗೆ ಚೆನ್ನಾಗಿ ಹೊಂದುತ್ತದೆ. ಪಿಂಚಣಿ ಬಂದು ಬಿದ್ದದ್ದನ್ನು ತೋರಿಸುವ ಬ್ಯಾಂಕಿನ ಪಾಸ್‌ಬುಕ್ ಪ್ರತ್ಯಕ್ಷ. ಪಿಂಚಣಿ ಕಚೇರಿಯ ಪತ್ರ ಆಪ್ತವಾಕ್ಯ, ನಂಬಬಹುದಾದವರ ಮಾತು, ಶಬ್ದಪ್ರಮಾಣ. ಅಫಿಡವಿಟ್ಟು ಈ ಪಟ್ಟಿಯಲ್ಲಿ ಎಲ್ಲಿ ಕೂರಬೇಕು? ಫಲ ಪಡೆಯುವವನೇ ಆಪ್ತನೂ ಆಗುವುದು ಹೇಗೆ? ಥಾಯ್ಲೆಂಡಿನಲ್ಲೂ ವಿವಾದ ಎದ್ದದ್ದು ಇದರ ಮೇಲೆಯೇ. ಅಲ್ಲಿದ್ದ ಅಮೆರಿಕನ್ನರು ತಮ್ಮ ರಾಯಭಾರ ಕಚೇರಿಗೆ ಹೋಗಿ ‘ನನ್ನ ವರಮಾನ ಇಷ್ಟು’ ಎಂದು ಪ್ರಮಾಣ ಮಾಡಿ ಸಹಿ ಹಾಕಿದರೆ ಆ ಕಾಗದವನ್ನು ವಲಸೆ ಕಚೇರಿ ಬಹುಕಾಲ ಒಪ್ಪುತ್ತಿತ್ತು. ಆಮೇಲೆ, ವರಮಾನ ನಿಜವೇ ಎಂದು ರಾಯಭಾರ ಕಚೇರಿಯೇ ಪರಿಶೀಲಿಸಿ ಹೇಳಬೇಕು ಎಂಬ ಮಾತು ಬಂತು. ತಮ್ಮ ಪ್ರಜೆಗಳ ವರಮಾನವನ್ನು ಪರಿಶೀಲಿಸುವುದು ತಮ್ಮಿಂದಾಗದು ಎಂದು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಕಚೇರಿಗಳು 2019ರ ಆರಂಭದ ಹೊತ್ತಿಗೆ ಅಂಥ ಪತ್ರ ಕೊಡುವುದನ್ನೇ ನಿಲ್ಲಿಸಿದವು. ವರಮಾನದ ದಾರಿ ಹಿಡಿಯುವ ಆ ದೇಶಗಳವರು ಈಗ ಪ್ರತಿ ತಿಂಗಳೂ ಥಾಯ್ ಬ್ಯಾಂಕಿಗೆ ಹೊರಗಿನಿಂದ ಹಣ ಬಂದದ್ದನ್ನು ತೋರಿಸಬೇಕು. ಹೇಳಿಕೆಯ ಜಾಗಕ್ಕೆ ಪ್ರತ್ಯಕ್ಷ ಬಂತು. ಇಂಥ ಕಡೆ ‘ಪ್ರಮಾಣಪತ್ರ’ವನ್ನು ಹಿಂದುಮುಂದಾಗಿ ಅನುವಾದಿಸಿದರೆ ಪೆಟ್ಟು ಬೀಳುವುದು ಅರ್ಜಿ ಹಾಕಿದವರಿಗೆ.

ಬದಲಿ ಪದಗಳಿಗಾಗಿ ಹುಡುಕಿದೆ. ‘ಶಪಥಪತ್ರ’ ನನ್ನ ಕಿವಿಗೆ ಒಗ್ಗುವುದಿಲ್ಲ. ಕನ್ನಡದಲ್ಲಿ ಶಪಥ ಎಂದೊಡನೆ ಭೀಮ, ದುರ್ಯೋಧನನ ತೊಡೆ ನೆನಪಾಗುತ್ತವೆ. ಅದು ಮುಂದೆ ಮಾಡುವುದರ ಮಾತು, ಇರುವುದರ ಮಾತಲ್ಲ. ‘ಮುಚ್ಚಳಿಕೆ’ ಒಳ್ಳೆಯ ಪದ, ಆದರೆ ಅದೂ ಮುಂದಿನದಕ್ಕೆ: ಇನ್ನು ಮೇಲೆ ಹೀಗೆ ಮಾಡುವುದಿಲ್ಲ ಎಂದು ಬರೆದುಕೊಡುವುದು. ‘ಸ್ವಯಂ ಘೋಷಣೆ’ಯಲ್ಲಿ ಆಣೆಯಿಲ್ಲ. ‘ದೃಢೀಕರಣ ಪತ್ರ’ ಸರ್ಟಿಫಿಕೇಟಿಗೆ ಸರಿಹೊಂದುತ್ತದೆ, ವಾಸಸ್ಥಳ ದೃಢೀಕರಣ ಎಂದು ಈಗಾಗಲೇ ಬಳಕೆಯಲ್ಲಿದೆ. ನೆರಳಚ್ಚು ಪ್ರತಿಯ ಮೇಲೆ ಗೆಜೆಟೆಡ್ ಅಧಿಕಾರಿ ಸಹಿ ಹಾಕುವುದಕ್ಕೂ ಅದೇ ಪದ ಎಂಬುದೊಂದು ತೊಡಕು. (ಈ ಪದವನ್ನು ‘ಧೃಡೀಕರಣ’ ಎಂದು ಬರೆಯುವುದು ಸರ್ಕಾರಿ ಮುದ್ರೆಗಳಲ್ಲೂ ಕಾಣುತ್ತದೆ. ಮಹಾಪ್ರಾಣ ಇರುವುದು ಎರಡನೆಯ ಅಕ್ಷರಕ್ಕೆ. ದಯವಿಟ್ಟು ಮುದ್ರೆ ಮಾಡಿಸುವವರು ಗಮನಿಸಬೇಕು.)

‘ಪುರಾವೆ’, ‘ರುಜುವಾತು’, ‘ಸಾಬೀತು’ಗಳಲ್ಲಿ ಈ ತೊಂದರೆ ಇಲ್ಲ. ಪುರಾವೆ ಕೈಯಲ್ಲಿ ಹಿಡಿಯುವ ವಸ್ತು, ರುಜುವಾತು ಅದರಿಂದ ಆಗುವ ಕೆಲಸ. ಪಿಂಚಣಿಯ ಪುರಾವೆ ಕೊಟ್ಟು ವರಮಾನವನ್ನು ರುಜುವಾತುಪಡಿಸಬೇಕು ಎಂದರೆ ಯಾರಿಗೂ ಗೊಂದಲವಾಗದು.

ಪಿಂಚಣಿ ಎಂಬ ಪದದ ಬಗ್ಗೆಯೂ ಒಂದು ಮಾತು. ಲ್ಯಾಟಿನ್ನಿನಲ್ಲಿ ಅದರ ಬೇರು ‘ತೂಗು’ ಎಂಬ ಅರ್ಥದ ಕ್ರಿಯಾಪದ, ತೂಗಿ ಕೊಡುವುದೇ ಪಾವತಿ. ಅಳತೆಯಿಂದ ಬಂದ ಪ್ರಮಾಣ, ತೂಕದಿಂದ ಬಂದ ಪಿಂಚಣಿ ಒಂದೇ ಕಾಗದದಲ್ಲಿ ಕೂಡಿದ್ದು ಕಂಡು ಆ ಸಂಜೆ ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದೆ. ಹಳಬರು ವಿಶ್ರಾಂತಿ ವೇತನ ಎನ್ನುತ್ತಿದ್ದರು, ಕಲಾವಿದರಿಗೆ ಸರ್ಕಾರ ಕೊಡುವುದನ್ನು ಈಗಲೂ ಮಾಸಾಶನ ಎನ್ನುತ್ತೇವೆ. ತಿಂಗಳ ಅನ್ನ ಎಂಬ ಆ ಪದ ನನಗೆ ಎಲ್ಲಕ್ಕಿಂತ ಇಷ್ಟ.

ಭಾವನಿಗೆ ವರ್ಷಕ್ಕೊಮ್ಮೆ ಇನ್ನೊಂದು ಪ್ರಮಾಣಪತ್ರವೂ ಬೇಕು. ನವೆಂಬರ್ ಬಂತೆಂದರೆ ಚಿಯಾಂಗ್ ಮಾಯ್‌ನಲ್ಲಿರುವ ಭಾರತದ ಕಾನ್ಸುಲೇಟಿಗೆ ಹೋಗಿ, ತಾನು ಬದುಕಿದ್ದೇನೆ ಎಂಬ ಕಾಗದ ಮಾಡಿಸಿ ಇಲ್ಲಿಗೆ ಕಳಿಸುತ್ತಾರೆ. ಅದಕ್ಕೆ ಕೆಲವರು ಜೀವಂತ ಪ್ರಮಾಣಪತ್ರ ಎಂದೂ ಕೆಲವರು ಜೀವಿತ ಪ್ರಮಾಣಪತ್ರ ಎಂದೂ ಬರೆಯುತ್ತಾರೆ. ಜೀವಂತವಾಗಿರುವುದು ಪತ್ರವಲ್ಲವಾದ್ದರಿಂದ ನಾನು ಎರಡನೆಯದರ ಪಕ್ಷ. ಇಲ್ಲಿ ಅರ್ಥ ನಿಚ್ಚಳ: ಅಧಿಕಾರಿ ಎದುರಿಗಿರುವ ಮನುಷ್ಯನ ಮುಖ ನೋಡಿಯೇ ಸಹಿ ಹಾಕುತ್ತಾರೆ. ‘ನಾನು ಬದುಕಿದ್ದೇನೆ’ ಎಂದು ಭಾವ ತಾವೇ ಆಣೆಯಿಟ್ಟು ಬರೆದರೆ ಸಾಲದು.

ನನ್ನ ಸಲಹೆ ಇದು. ಸರ್ಟಿಫಿಕೇಟಿಗೆ ‘ಪ್ರಮಾಣಪತ್ರ’ವನ್ನೇ ಉಳಿಸಿಕೊಳ್ಳೋಣ. ಹುಟ್ಟಿನಿಂದ ಸಾವಿನವರೆಗೆ ಪ್ರತಿ ಮನೆಯ ಪೆಟ್ಟಿಗೆಯಲ್ಲಿ ಆ ಹೆಸರಿನ ಕಾಗದಗಳಿವೆ, ಬದಲಾಯಿಸಲಾಗದು. ಅಫಿಡವಿಟ್ಟಿಗೆ ‘ಪ್ರಮಾಣ ಹೇಳಿಕೆ’ ಎನ್ನೋಣ. ಹೇಳಿಕೆ ಎಂದಮೇಲೆ ಹೇಳಿದವರೊಬ್ಬರು ಇರಲೇಬೇಕು, ಯಾರು ಎಂದು ಓದುಗ ಕೇಳುತ್ತಾನೆ. ‘ಪ್ರಮಾಣೀಕರಿಸಲಾಗಿದೆ’ ಎಂಬ ಕರ್ತೃವಿಲ್ಲದ ವಾಕ್ಯವನ್ನೂ ಬಿಡಬೇಕು. ‘ಈ ಕಚೇರಿ ಪ್ರಮಾಣೀಕರಿಸುತ್ತದೆ’ ಎಂದಿದ್ದರೆ ಅನುವಾದಕರು ದಾರಿ ತಪ್ಪುತ್ತಿರಲಿಲ್ಲ. ಹೊಸ ಪತ್ರಕ್ಕೆ ಅರ್ಜಿ ಬರೆಯುವಾಗ ಹೀಗೆಯೇ ಬರೆದುಕೊಡಿ ಎಂದು ಕೇಳಿಕೊಂಡಿದ್ದೇನೆ. ಗುಮಾಸ್ತರು ಓದಿ, ‘ಆಗಬಹುದು’ ಎಂದರು.

ಈಗ ನಿಮ್ಮನ್ನು ಕೇಳಬೇಕಾದದ್ದು. ಧಾರವಾಡ, ಬೆಳಗಾವಿ ಕಡೆಯ ಹಳೆಯ ದಸ್ತಾವೇಜುಗಳಲ್ಲಿ ಅಫಿಡವಿಟ್ಟಿಗೆ ಮರಾಠಿಯ ಪ್ರತಿಜ್ಞಾಪತ್ರ ಬಂದಿದೆಯೇ? ಕಲಬುರಗಿ, ಬೀದರ್ ಕಡೆ ಹಲಫ್‌ನಾಮಾ ಇನ್ನೂ ಬಳಕೆಯಲ್ಲಿದೆಯೇ? ಮೈಸೂರು ಸಂಸ್ಥಾನದ ಕಾಲದ ಕಾಗದಗಳನ್ನು ನೋಡಿದವರು, ಅಲ್ಲಿ ಪ್ರಮಾಣಪತ್ರ ಯಾವ ಅರ್ಥದಲ್ಲಿದೆ ಎಂದು ತಿಳಿಸುತ್ತೀರಾ? ವಕೀಲರು ಯಾರಾದರೂ ಇದ್ದರೆ, ‘ಪ್ರಮಾಣ ಹೇಳಿಕೆ’ ಎಂದು ತಲೆಬರಹ ಹಾಕಿದ ಕಾಗದವನ್ನು ನ್ಯಾಯಾಲಯದಲ್ಲಿ ತಕರಾರಿಲ್ಲದೆ ತೆಗೆದುಕೊಳ್ಳುತ್ತಾರೆಯೇ ಎಂಬುದನ್ನೂ ದಯವಿಟ್ಟು ಬರೆಯಿರಿ.